ಹಾಕಿಯ ಕೋಟೆ ಕಾದ ಶಂಕರ ಲಕ್ಷ್ಮಣ್

ಆಟದ ಮೈದಾನದಲ್ಲಿ ಕೀರ್ತಿಯು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಗೋಲು ಹೊಡೆದವನ ಹೆಸರನ್ನು ಊರೇ ಕೂಗುತ್ತದೆ. ಮರುದಿನದ ಪತ್ರಿಕೆಯಲ್ಲಿ ಅವನ ಚಿತ್ರ ಅಚ್ಚಾಗುತ್ತದೆ. ಗೋಲು ಆಗದಂತೆ ತಡೆದವನ ಹೆಸರನ್ನು ಕೇಳುವವರು ವಿರಳ. ಹಾಕಿ ಎಂದೊಡನೆ ನಮ್ಮ ದೇಶದ ಚಿಕ್ಕ ಮಕ್ಕಳ ಬಾಯಲ್ಲೂ ಧ್ಯಾನ್‌ಚಂದರ ಹೆಸರು ಬರುತ್ತದೆ. ಬರಬೇಕಾದದ್ದೇ. ಆದರೆ ಅವರ ಬೆನ್ನ ಹಿಂದೆ, ಮೈದಾನದ ಆ ಕೊನೆಯಲ್ಲಿ, ಎರಡು ಕಂಬಗಳ ನಡುವೆ ನಿಂತಿದ್ದವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು?

ನಾನು ಈ ಕಾಲೇಜಿನ ಹಾಕಿ ತಂಡದಲ್ಲಿ ಎರಡು ವರ್ಷಗಳಿಂದ ಗೋಲ್‌ಕೀಪರನಾಗಿ ಆಡುತ್ತಿದ್ದೇನೆ. ಗೆದ್ದ ದಿನ ಗೆಳೆಯರು ಫಾರ್ವರ್ಡ್ ಆಟಗಾರರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಸೋತ ದಿನ ಎಲ್ಲರ ಕಣ್ಣೂ ನನ್ನ ಕಡೆಗೆ ತಿರುಗುತ್ತದೆ. ಇದನ್ನು ದೂರೆಂದು ಹೇಳುತ್ತಿಲ್ಲ. ಆ ಸ್ಥಾನದ ಧರ್ಮವೇ ಹಾಗೆ. ಅದೇ ಸ್ಥಾನದಲ್ಲಿ ಹತ್ತು ವರ್ಷಗಳಿಗೂ ಮಿಕ್ಕಿ ನಿಂತು, ಭಾರತಕ್ಕೆ ಎರಡು ಒಲಿಂಪಿಕ್ ಚಿನ್ನದ ಪದಕಗಳನ್ನೂ ಒಂದು ಬೆಳ್ಳಿಯ ಪದಕವನ್ನೂ ತಂದುಕೊಡುವುದರಲ್ಲಿ ಪಾಲುಗೊಂಡು, ಕಡೆಗೆ ತಮ್ಮ ಊರಿನಲ್ಲಿ ಕಷ್ಟದಿಂದ ಕಣ್ಣು ಮುಚ್ಚಿದ ಒಬ್ಬ ಮಹನೀಯರ ಬಾಳನ್ನು ಇಲ್ಲಿ ಯಥಾಶಕ್ತಿ ನಿರೂಪಿಸಲು ಯತ್ನಿಸಿದ್ದೇನೆ. ಅವರೇ ಕ್ಯಾಪ್ಟನ್ ಶಂಕರ ಲಕ್ಷ್ಮಣ್.

ಅವರ ಕಥೆಗೆ ಹೋಗುವ ಮೊದಲು ಗೋಲ್‌ಕೀಪರನ ಕೆಲಸವೆಂಥದೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಹಾಕಿಯ ಗೋಲು ೧೨ ಅಡಿ ಅಗಲ, ೭ ಅಡಿ ಎತ್ತರ. ಅದರ ಮುಂದೆ ಒಬ್ಬನೇ ಮನುಷ್ಯ. ಚೆಂಡಿನ ತೂಕ ಐದೂವರೆ ಔನ್ಸಿಗೆ ಕಡಮೆಯಿಲ್ಲ, ಕಲ್ಲಿನಷ್ಟು ಗಟ್ಟಿ. ಉಳಿದ ಹತ್ತು ಮಂದಿ ಆಟಗಾರರು ಚೆಂಡನ್ನು ಕೋಲಿನಿಂದ ಮಾತ್ರ ಮುಟ್ಟಬೇಕು. ಗೋಲ್‌ಕೀಪರನಿಗೆ ಮಾತ್ರ ತನ್ನ ವೃತ್ತದ ಒಳಗೆ ಕಾಲಿನಿಂದ ಒದೆಯುವ, ಮೈಯಿಂದ ತಡೆಯುವ ಸ್ವಾತಂತ್ರ್ಯವಿದೆ. ಇಂದು ನಾವು ತಲೆಗೆ ಹೆಲ್ಮೆಟ್, ಮುಖಕ್ಕೆ ಜಾಲರಿ, ಎದೆಗೆ ಕವಚ ಧರಿಸಿ ನಿಲ್ಲುತ್ತೇವೆ. ಲಕ್ಷ್ಮಣರ ಕಾಲದಲ್ಲಿ ಇವು ಯಾವುವೂ ಇರಲಿಲ್ಲ. ಕಾಲಿಗೆ ಪ್ಯಾಡು, ಪಾದಕ್ಕೆ ಕಿಕ್ಕರ್, ಕೈಗೆ ಗವಸು, ಇಷ್ಟೇ ಅವರ ರಕ್ಷೆ. ಮುಖ ಬಯಲು. ಆಟ ನಡೆಯುತ್ತಿದ್ದುದು ಹುಲ್ಲಿನ ನೆಲದ ಮೇಲೆ. ಒಲಿಂಪಿಕ್ ಹಾಕಿಗೆ ಕೃತಕ ಹಾಸು ಬಂದದ್ದು ೧೯೭೬ರಲ್ಲಿ ಮಾಂಟ್ರಿಯಲ್ ನಗರದಲ್ಲಿ. ಹುಲ್ಲಿನ ಮೇಲೆ ಚೆಂಡು ನೇರವಾಗಿ ಬರುತ್ತದೆಂಬ ಭರವಸೆಯಿಲ್ಲ. ಒಂದು ಸಣ್ಣ ಉಬ್ಬು ಸಿಕ್ಕಿದರೆ ಸಾಕು, ಕಾಲಿಗೆ ಬರಬೇಕಾದ ಚೆಂಡು ಹಣೆಗೆ ಬರುತ್ತದೆ.

ಮಂಜುಗಡ್ಡೆಯ ಮೇಲೆ ಆಡುವ ಹಾಕಿಯಲ್ಲಿಯೂ ಗೋಲಿಯ ಪಾಡು ಇದೇ ಆಗಿತ್ತು. ಕೆನಡಾ ದೇಶದ ಆ ಆಟ ನಮಗೆ ದೂರದ್ದಾದರೂ ಅದನ್ನು ಆಡಿದ ಊರುಗಳು ನಮಗೆ ಅಪರಿಚಿತವೆನಿಸುವುದಿಲ್ಲ. ಅಲ್ಲಿನ ಒಂಟಾರಿಯೋ ಪ್ರಾಂತದ ಟಿಮ್ಮಿನ್ಸ್, ಕರ್ಕ್‌ಲೆಂಡ್ ಲೇಕ್ ಎಂಬುವು ನಮ್ಮ ಕೋಲಾರದ ಹಾಗೆಯೇ ಚಿನ್ನದ ಗಣಿಯ ಊರುಗಳು. ಫ್ರ್ಯಾಂಕ್ ಮಹೋವ್ಲಿಚ್, ಟೆಡ್ ಲಿಂಡ್ಸೆ ಮೊದಲಾದ ಹೆಸರಾಂತ ಆಟಗಾರರು ಆ ಊರುಗಳಲ್ಲಿ ಬೆಳೆದವರು. ೧೯೪೨ರಿಂದ ೧೯೬೭ರವರೆಗೆ ಅಲ್ಲಿನ ದೊಡ್ಡ ಲೀಗಿನಲ್ಲಿ ಆರೇ ತಂಡಗಳಿದ್ದವು; ಒಂದೊಂದು ತಂಡಕ್ಕೂ ಮುಖ್ಯವಾಗಿ ಒಬ್ಬನೇ ಗೋಲಿ. ಆದುದರಿಂದ ಒಳ್ಳೆಯ ಗೋಲಿಗಳೆಷ್ಟೋ ಮಂದಿ ಚಿಕ್ಕ ಲೀಗುಗಳಲ್ಲಿಯೇ ಸಂಬಳಕ್ಕೆ ಆಡುತ್ತ ಆಯುಷ್ಯ ಕಳೆದರು. ಅವರೂ ಮುಖಕ್ಕೆ ಏನೂ ಧರಿಸುತ್ತಿರಲಿಲ್ಲ. ೧೯೫೯ರ ನವೆಂಬರ್ ೧ರಂದು ನ್ಯೂಯಾರ್ಕಿನಲ್ಲಿ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಎಂಬ ಗೋಲಿ ಮುಖಕ್ಕೆ ಪೆಟ್ಟು ತಿಂದು ಹೊರಗೆ ಹೋಗಿ, ಹೊಲಿಗೆ ಹಾಕಿಸಿಕೊಂಡು, ಮುಖವಾಡ ತೊಟ್ಟು ಮರಳಿ ಬಂದ. ಅಂದಿನಿಂದ ಅದು ರೂಢಿಗೆ ಬಂದಿತು. ಆ ವರ್ಷ ನಮ್ಮ ಲಕ್ಷ್ಮಣರು ಬರಿಯ ಮುಖದಿಂದಲೇ ಗೋಲಿನ ಮುಂದೆ ನಿಂತಿದ್ದರು.

ಭಾರತದ ಹಾಕಿಯಲ್ಲಿ ಲಕ್ಷ್ಮಣರಿಗೆ ಮುಂಚೆ ಇಬ್ಬರು ದೊಡ್ಡ ಗೋಲ್‌ಕೀಪರುಗಳು ಆಗಿಹೋಗಿದ್ದರು. ಮೊದಲನೆಯವರು ನಾಗಪುರದಲ್ಲಿ ಹುಟ್ಟಿದ ರಿಚರ್ಡ್ ಅಲೆನ್. ೧೯೨೮ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನ ಐದು ಪಂದ್ಯಗಳಲ್ಲಿ ಭಾರತ ೨೯ ಗೋಲು ಹೊಡೆಯಿತು. ಎದುರಾಳಿಗಳಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ೧೯೩೨ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅಮೆರಿಕದ ಮೇಲೆ ೨೪-೧ರಿಂದ ಗೆದ್ದಾಗ, ಆ ಒಂದು ಗೋಲು ಆದದ್ದು ಅಲೆನ್ ಗೋಲಿನ ಹಿಂದೆ ಹೋಗಿ ಅಭಿಮಾನಿಗಳಿಗೆ ಹಸ್ತಾಕ್ಷರ ಹಾಕಿಕೊಡುತ್ತಿದ್ದಾಗ ಎಂದು ಹೇಳುವ ವಾಡಿಕೆಯಿದೆ. ನೋಡಿ, ಗೋಲಿಯ ಬಗ್ಗೆ ಲೋಕ ನೆನಪಿಟ್ಟುಕೊಂಡ ಕಥೆಯೂ ಬಿಟ್ಟ ಗೋಲಿನದೇ! ಎರಡನೆಯವರು ರಂಗೂನಿನಲ್ಲಿ ಹುಟ್ಟಿ ಮದರಾಸಿನ ಪರವಾಗಿ ಆಡಿದ ರಂಗನಾಥನ್ ಫ್ರಾನ್ಸಿಸ್. ಇವರು ೧೯೪೮, ೧೯೫೨, ೧೯೫೬ರ ಮೂರು ಒಲಿಂಪಿಕ್ ಚಿನ್ನದ ತಂಡಗಳಲ್ಲಿಯೂ ಇದ್ದವರು. ಫ್ರಾನ್ಸಿಸರ ಕೊನೆಯ ಒಲಿಂಪಿಕ್ಸೇ ಲಕ್ಷ್ಮಣರಿಗೆ ಮೊದಲನೆಯದು.

ಶಂಕರ ಲಕ್ಷ್ಮಣರು ಹುಟ್ಟಿದ್ದು ೧೯೩೩ರ ಜುಲೈ ೭ರಂದು, ಈಗಿನ ಮಧ್ಯಪ್ರದೇಶದ ಇಂದೋರಿಗೆ ಸಮೀಪದ ಮಹೂ ಎಂಬ ದಂಡಿನ ಊರಿನಲ್ಲಿ. ಈ ಹೆಸರು ನಮ್ಮ ಗಣಿಯೂರಿನವರಿಗೆ ಹೊಸದಲ್ಲ. ಡಾ. ಅಂಬೇಡ್ಕರರು ೧೮೯೧ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅವರ ತಂದೆ ಆಗ ಸೈನ್ಯದಲ್ಲಿದ್ದರು. ೨೦೦೩ರಲ್ಲಿ ಆ ಊರಿಗೆ ಡಾ. ಅಂಬೇಡ್ಕರ್ ನಗರವೆಂದೇ ಹೆಸರಾಯಿತು. ದಂಡಿನ ಊರಿನ ಬಡ ಹುಡುಗರಿಗೆ ಹೊಟ್ಟೆಪಾಡಿಗೆ ಕಾಣುವ ದಾರಿ ಸೈನ್ಯವೊಂದೇ. ಲಕ್ಷ್ಮಣರು ಶಾಲೆಯನ್ನು ಅರ್ಧಕ್ಕೆ ಬಿಟ್ಟು ೧೯೪೭ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ, ಸೈನ್ಯಕ್ಕೆ ಸೇರಿದರು. ಆಗ ಅವರ ವಯಸ್ಸು ಹದಿನಾಲ್ಕರ ಆಸುಪಾಸು. ಸೇರಿದ್ದು ಬಂದೂಕು ಹಿಡಿಯುವ ಸಿಪಾಯಿಯಾಗಿ ಅಲ್ಲ, ಬ್ಯಾಂಡಿನ ವಾದ್ಯಗಾರನಾಗಿ.

ಅವರು ಸೇರಿದ ದಳ ಮರಾಠಾ ಲೈಟ್ ಇನ್‌ಫೆಂಟ್ರಿ. ಈ ರೆಜಿಮೆಂಟಿನ ಕೇಂದ್ರವಿರುವುದು ನಮ್ಮ ನಾಡಿನ ಬೆಳಗಾವಿಯಲ್ಲಿ. ಆದುದರಿಂದ ಲಕ್ಷ್ಮಣರು ಹುಟ್ಟಿನಿಂದ ನಮ್ಮವರಲ್ಲದಿದ್ದರೂ ಅವರು ಅನ್ನ ತಿಂದ ದಳದ ಮನೆ ಕನ್ನಡ ನೆಲದ ಮೇಲೆಯೇ ಇದೆಯೆಂಬುದನ್ನು ಅಭಿಮಾನದಿಂದ ನೆನೆಯಬಹುದು. ಬೆಳಗಾವಿಯ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಈ ದಳಕ್ಕೆ ಸೇರುವುದನ್ನು ಹೆಮ್ಮೆಯೆಂದು ಭಾವಿಸುವ ಮನೆಗಳಿವೆ.

ಬಾಲ್ಯದಲ್ಲಿ ಲಕ್ಷ್ಮಣರು ಒಲಿದದ್ದು ಕಾಲ್ಚೆಂಡಿನ ಆಟಕ್ಕೆ. ಮಹೂ ಬಳಿಯ ಕೊಡರಿಯಾ ಎಂಬ ಹಳ್ಳಿಯ ತಂಡದಲ್ಲಿ ಅವರು ಫುಟ್‌ಬಾಲ್ ಆಡುತ್ತಿದ್ದರು. ಹಾಕಿಯ ಕೋಲನ್ನು ನಿಜವಾಗಿ ಕೈಗೆ ತೆಗೆದುಕೊಂಡದ್ದು ಸೈನ್ಯಕ್ಕೆ ಸೇರಿದ ಬಳಿಕ. ಹೀಗೆ ತಡವಾಗಿ ಬಂದದ್ದು ಅವರಿಗೆ ನಷ್ಟವಾಗದೆ ಲಾಭವೇ ಆಯಿತೆಂದು ನನಗೆ ತೋರುತ್ತದೆ. ಹಾಕಿಯ ಗೋಲ್‌ಕೀಪರನಿಗೆ ಕೋಲಿಗಿಂತ ಕಾಲು ಮುಖ್ಯ. ಚೆಂಡು ಬಂದಾಗ ತಡೆದರೆ ಸಾಲದು. ತಡೆದ ಚೆಂಡು ಎದುರಾಳಿಯ ಕೋಲಿನ ಮುಂದೆಯೇ ಬಿದ್ದರೆ ಎರಡನೆಯ ಹೊಡೆತಕ್ಕೆ ಗೋಲು ಆಗಿಬಿಡುತ್ತದೆ. ತಡೆದ ಕಾಲಿನಿಂದಲೇ ಒಂದೇ ಉಸಿರಿನಲ್ಲಿ ಅದನ್ನು ಪಕ್ಕದ ಗೆರೆಯ ಕಡೆಗೆ ಒದ್ದು ಕಳಿಸಬೇಕು. ಎಳೆಯ ವಯಸ್ಸಿನಿಂದ ಚೆಂಡನ್ನು ಕಾಲಿನಲ್ಲಿ ಆಳಿದವನಿಗೆ ಇದು ತಾನಾಗಿ ಬರುತ್ತದೆ. ಕೋಲಿನಿಂದಲೇ ಆಟ ಕಲಿತ ನನ್ನಂಥವರು ಇದಕ್ಕಾಗಿ ದಿನವೂ ಬೆವರು ಸುರಿಸಬೇಕು.

ಅಂದಿನ ಭಾರತದಲ್ಲಿ ಹಾಕಿಯನ್ನು ಸಂಬಳಕ್ಕೆ ಆಡಿಸುವ ಲೀಗುಗಳಿರಲಿಲ್ಲ. ಸೈನ್ಯ, ರೈಲ್ವೆ, ಪೊಲೀಸು ಇವೇ ಆಟಗಾರರ ಆಶ್ರಯ. ನೌಕರಿಯೂ ನಡೆಯಬೇಕು, ಆಟವೂ ನಡೆಯಬೇಕು. ಲಕ್ಷ್ಮಣರು ರೆಜಿಮೆಂಟಿನ ತಂಡದಿಂದ ಮೇಲೇರಿ ೧೯೫೫ರಲ್ಲಿ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಸರ್ವೀಸಸ್ ತಂಡದ ಪರವಾಗಿ ಆಡಿದರು. ಮರುವರ್ಷವೇ ಭಾರತ ತಂಡಕ್ಕೆ ಕರೆ ಬಂದಿತು. ಇಪ್ಪತ್ತಮೂರು ವರ್ಷದ ಬ್ಯಾಂಡಿನ ಹುಡುಗ ಮೆಲ್ಬರ್ನ್ ಒಲಿಂಪಿಕ್ಸಿಗೆ ಹೊರಟರು.

೧೯೫೬ರ ಆ ತಂಡಕ್ಕೆ ಬಲಬೀರ್ ಸಿಂಗ್ ನಾಯಕರು. ಭಾರತ ಆಫ್ಘಾನಿಸ್ತಾನದ ಮೇಲೆ ೧೪, ಅಮೆರಿಕದ ಮೇಲೆ ೧೬, ಸಿಂಗಪುರದ ಮೇಲೆ ೬ ಗೋಲು ಹೊಡೆಯಿತು. ಇಂಥ ಪಂದ್ಯಗಳಲ್ಲಿ ಗೋಲಿಗೆ ಕೆಲಸವೇ ಇಲ್ಲ. ಆದರೆ ಸೆಮಿಫೈನಲ್ಲಿನಲ್ಲಿ ಜರ್ಮನಿ ಎದುರಾದಾಗ ಭಾರತಕ್ಕೆ ದೊರಕಿದ್ದು ಒಂದೇ ಗೋಲು. ಫೈನಲ್ಲಿನಲ್ಲಿ ಪಾಕಿಸ್ತಾನದ ಮೇಲೆಯೂ ಒಂದೇ ಗೋಲು. ಅದನ್ನು ಹೊಡೆದವರು ರಣಧೀರ್ ಸಿಂಗ್ ಜೆಂಟಲ್. ನಾಯಕ ಬಲಬೀರರು ಬೆರಳಿನ ಮೂಳೆ ಮುರಿದಿದ್ದರೂ ಆ ಪಂದ್ಯದಲ್ಲಿ ಆಡಿದರು. ಒಂದೇ ಗೋಲಿನ ಮುನ್ನಡೆಯೆಂದರೆ ಗೋಲ್‌ಕೀಪರನ ಪಾಲಿಗೆ ಕತ್ತಿಯ ಅಲಗಿನ ಮೇಲಿನ ನಡಿಗೆ. ಒಮ್ಮೆ ಕಾಲು ಜಾರಿದರೆ ಇಡೀ ತಂಡದ ಶ್ರಮ ನೀರಿನಲ್ಲಿ ಹೋಮ. ಲಕ್ಷ್ಮಣರ ಕಾಲು ಜಾರಲಿಲ್ಲ. ಆ ಒಲಿಂಪಿಕ್ಸಿನಲ್ಲಿ ಭಾರತ ಒಟ್ಟು ೩೮ ಗೋಲು ಹೊಡೆಯಿತು. ಬಿಟ್ಟ ಗೋಲುಗಳ ಸಂಖ್ಯೆ ಸೊನ್ನೆ. ಇತಿಹಾಸ ಬರೆಯುವವರು ಮೂವತ್ತೆಂಟನ್ನು ಎಣಿಸುತ್ತಾರೆ. ಸೊನ್ನೆಯನ್ನೂ ಯಾರೋ ದುಡಿದೇ ಗಳಿಸಬೇಕೆಂಬುದನ್ನು ಮರೆಯುತ್ತಾರೆ.

ಆ ಫೈನಲ್ ಪಂದ್ಯ ನಡೆದದ್ದು ೧೯೫೬ರ ಡಿಸೆಂಬರ್ ೬ರಂದು. ಓದುಗರು ಈ ತಾರೀಖನ್ನು ಗುರುತಿಸಿರಬಹುದು. ಡಾ. ಅಂಬೇಡ್ಕರರು ದೆಹಲಿಯಲ್ಲಿ ತೀರಿಕೊಂಡದ್ದು ಅದೇ ದಿನ. ಮಹೂ ಊರು ಲೋಕಕ್ಕೆ ಕೊಟ್ಟ ತನ್ನ ಬಹು ದೊಡ್ಡ ಮಗನನ್ನು ಕಳೆದುಕೊಂಡ ದಿನವೇ ಅದರ ಇನ್ನೊಬ್ಬ ಮಗ ಸಾವಿರಾರು ಮೈಲಿಗಳಾಚೆ ಕೊರಳಿಗೆ ಚಿನ್ನದ ಪದಕ ಗಳಿಸಿದನು. ನಮ್ಮ ಊರಿನಲ್ಲಿ ಡಿಸೆಂಬರ್ ೬ ಎಂದರೆ ಮನೆಮನೆಯಲ್ಲಿಯೂ ದೀಪ ಹಚ್ಚಿ ಬಾಬಾಸಾಹೇಬರನ್ನು ನೆನೆಯುವ ದಿನ. ಈ ಪಂದ್ಯದ ತಾರೀಖನ್ನು ಮೊದಲು ಓದಿದಾಗ ನನಗೆ ಬಹಳ ಹೊತ್ತು ಪುಸ್ತಕ ಮುಂದಕ್ಕೆ ಸರಿಯಲಿಲ್ಲ.

ಮೆಲ್ಬರ್ನಿನ ಬಳಿಕ ನಾಲ್ಕು ವರ್ಷ ಲಕ್ಷ್ಮಣರೇ ಭಾರತದ ಗೋಲಿನ ಒಡೆಯರು. ೧೯೫೮ರಲ್ಲಿ ಟೋಕಿಯೋ ಏಷ್ಯನ್ ಕ್ರೀಡೆಗಳಲ್ಲಿ ಮೊದಲ ಬಾರಿಗೆ ಹಾಕಿಯನ್ನು ಸೇರಿಸಿದರು. ಅಲ್ಲಿ ಭಾರತ-ಪಾಕಿಸ್ತಾನಗಳ ಪಂದ್ಯ ೦-೦ಯಲ್ಲಿ ಮುಗಿಯಿತು. ಭಾರತ ಸೋಲಲಿಲ್ಲ, ಆದರೂ ಗೋಲುಗಳ ಸರಾಸರಿಯ ಲೆಕ್ಕದಲ್ಲಿ ಚಿನ್ನ ಪಾಕಿಸ್ತಾನಕ್ಕೆ, ಬೆಳ್ಳಿ ನಮಗೆ. ಎದುರಾಳಿಗೆ ಗೋಲು ಕೊಡದಿದ್ದರೂ ಚಿನ್ನ ಕೈಗೆ ಬಾರದೆ ಹೋಯಿತು.

ಇದಕ್ಕಿಂತ ಕಹಿಯಾದದ್ದು ೧೯೬೦ರ ರೋಮ್ ಒಲಿಂಪಿಕ್ಸ್. ೧೯೨೮ರಿಂದ ೧೯೫೬ರವರೆಗೆ ಭಾರತ ಸತತವಾಗಿ ಆರು ಒಲಿಂಪಿಕ್ಸುಗಳಲ್ಲಿ ಹಾಕಿಯ ಚಿನ್ನ ಗೆದ್ದಿತ್ತು. ಒಂದು ಪಂದ್ಯವನ್ನೂ ಸೋತಿರಲಿಲ್ಲ. ರೋಮಿನಲ್ಲಿ ಲೆಸ್ಲಿ ಕ್ಲಾಡಿಯಸ್ ನಾಯಕರು. ಕ್ವಾರ್ಟರ್ ಫೈನಲ್ಲಿನಲ್ಲಿ ಆಸ್ಟ್ರೇಲಿಯವನ್ನೂ ಸೆಮಿಫೈನಲ್ಲಿನಲ್ಲಿ ಬ್ರಿಟನ್ನನ್ನೂ ಒಂದೊಂದೇ ಗೋಲಿನಿಂದ ಸೋಲಿಸಿ ಭಾರತ ಫೈನಲ್ ತಲಪಿತು. ಸೆಪ್ಟೆಂಬರ್ ೯ರ ಆ ಪಂದ್ಯದ ಮೊದಲ ಭಾಗದಲ್ಲಿಯೇ ಪಾಕಿಸ್ತಾನದ ನಸೀರ್ ಬುಂದಾ ಒಂದು ಗೋಲು ಹೊಡೆದರು. ಆಮೇಲೆ ಉಳಿದಷ್ಟು ಹೊತ್ತೂ ಲಕ್ಷ್ಮಣರು ಇನ್ನೊಂದನ್ನು ಒಳಗೆ ಬಿಡಲಿಲ್ಲ. ಆದರೆ ನಮ್ಮ ಫಾರ್ವರ್ಡುಗಳಿಗೆ ಒಂದು ಗೋಲನ್ನೂ ತಿರುಗಿ ಹೊಡೆಯಲಾಗಲಿಲ್ಲ. ಮೂವತ್ತೆರಡು ವರ್ಷದ ಸರಪಳಿ ಕಡಿಯಿತು. ಮೆಲ್ಬರ್ನಿನಲ್ಲಿ ೧-೦, ರೋಮಿನಲ್ಲಿ ೦-೧. ಗೋಲಿಯ ಆಟದಲ್ಲಿದ್ದ ವ್ಯತ್ಯಾಸ ಒಂದೇ ಚೆಂಡಿನದು. ಆದರೆ ಒಂದು ದಿನ ದೇಶವೇ ಸಿಹಿ ಹಂಚಿತು; ಇನ್ನೊಂದು ದಿನ ದೇಶವೇ ತಲೆ ತಗ್ಗಿಸಿತು.

ಈ ಕೆಲಸದ ಸ್ವರೂಪವನ್ನು ಯೋಚಿಸುವಾಗ ನನಗೆ ನಮ್ಮ ತಾತನ ಕೆಲಸ ನೆನಪಿಗೆ ಬರುತ್ತದೆ. ಕೋರಮಂಡಲ್ ಲೈನಿನ ಮನೆಯಿಂದ ಹೊರಟು ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದ ಅವರು ಅಲ್ಲಿ ಚಿನ್ನದ ಕಲ್ಲನ್ನು ಒಡೆಯುವವರಾಗಿರಲಿಲ್ಲ, ಟಿಂಬರಿಂಗ್ ಕೆಲಸದವರು. ಕಲ್ಲು ತೆಗೆದ ಜಾಗದಲ್ಲಿ ಮೇಲಿನ ಬಂಡೆ ಕುಸಿಯದಂತೆ ಮರದ ದಿಮ್ಮಿಗಳ ಆಧಾರ ನಿಲ್ಲಿಸುವುದು ಅವರ ಕೆಲಸ. ಮೂರು ಸಾವಿರ ಮೀಟರುಗಳಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಆ ಗಣಿಯಲ್ಲಿ ಬಂಡೆಯೇ ಸಿಡಿದು ಬೀಳುವ ಅಪಾಯ ಸದಾ ಇತ್ತು. ದಿನಕ್ಕೆ ಎಷ್ಟು ಕಲ್ಲು ಮೇಲೆ ಹೋಯಿತೆಂಬ ಲೆಕ್ಕ ಬರೆಯುತ್ತಿದ್ದರು. ಎಷ್ಟು ಬಂಡೆ ಬೀಳದೆ ನಿಂತಿತೆಂಬ ಲೆಕ್ಕವನ್ನು ಯಾರು ಬರೆಯಲು ಸಾಧ್ಯ? ಏನೂ ಆಗದಿದ್ದ ದಿನವೇ ಅವರ ಕೆಲಸ ಚೆನ್ನಾಗಿ ಆದ ದಿನ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಾತ ನಿಲ್ಲಿಸಿದ ದಿಮ್ಮಿಗಳ ಫಲ ಇದೆಂದು ನಾನು ತಿಳಿದಿದ್ದೇನೆ. ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಲಕ್ಷ್ಮಣರ ಬಾಳನ್ನು ಓದುವಾಗ ಇಂಥ ಎಲ್ಲ ಕಾಯುವವರ ಬಾಳೂ ಒಂದೇ ಜಾತಿಗೆ ಸೇರಿದ್ದೆಂದು ನನಗೆ ಅನ್ನಿಸುತ್ತದೆ.

ರೋಮಿನ ಸೋಲಿನ ಬಳಿಕವೂ ಲಕ್ಷ್ಮಣರು ಗೋಲನ್ನು ಬಿಟ್ಟು ಹೋಗಲಿಲ್ಲ. ೧೯೬೨ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡೆಗಳ ಫೈನಲ್ಲಿನಲ್ಲಿಯೂ ಭಾರತ ಪಾಕಿಸ್ತಾನಕ್ಕೆ ಸೋತಿತು. ಸಾಲಾಗಿ ಬಂದ ಈ ಸೋಲುಗಳಿಂದ ಭಾರತದ ಹಾಕಿಯ ಕಾಲ ಮುಗಿಯಿತೆಂದು ಆಡಿಕೊಳ್ಳುವವರು ಹೆಚ್ಚಿದರು. ಅದಕ್ಕೆ ಉತ್ತರ ಕೊಡಬೇಕಾದ ಜಾಗ ೧೯೬೪ರ ಟೋಕಿಯೋ ಒಲಿಂಪಿಕ್ಸ್ ಆಯಿತು.

ಟೋಕಿಯೋದಲ್ಲಿ ಚರಣ್‌ಜಿತ್ ಸಿಂಗ್ ನಾಯಕರು. ಹಾದಿ ಸುಗಮವಾಗಿರಲಿಲ್ಲ. ಜರ್ಮನಿಯೊಡನೆಯೂ ಸ್ಪೇನಿನೊಡನೆಯೂ ೧-೧ರ ಸಮ. ಹಾಲೆಂಡಿನ ಮೇಲೆ ೨-೧ರ ಗೆಲುವು. ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯದ ಮೇಲೆ ೩-೧. ಅಕ್ಟೋಬರ್ ೨೩ರಂದು ಫೈನಲ್. ಮೂರನೆಯ ಬಾರಿಯೂ ಎದುರಿಗೆ ಪಾಕಿಸ್ತಾನ. ಮೊದಲ ಅರ್ಧದಲ್ಲಿ ಯಾರಿಗೂ ಗೋಲಿಲ್ಲ. ದ್ವಿತೀಯಾರ್ಧದಲ್ಲಿ ಭಾರತಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಪೃಥಿಪಾಲ್ ಸಿಂಗರ ಹೊಡೆತ ಗೋಲಿನ ಗೆರೆಯ ಮೇಲೆ ನಿಂತ ಎದುರಾಳಿಯ ಕಾಲಿಗೆ ತಗುಲಿ, ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಮೊಹಿಂದರ್ ಲಾಲ್ ಅದನ್ನು ಗೋಲಾಗಿಸಿದರು.

ಅಲ್ಲಿಂದ ಮುಂದಿನ ಆಟ ಲಕ್ಷ್ಮಣರದು. ಬೆಳ್ಳಿಗೆ ಇಳಿಯಲೊಲ್ಲದ ಪಾಕಿಸ್ತಾನದ ಆಟಗಾರರು ಅಲೆಯ ಮೇಲೆ ಅಲೆಯಾಗಿ ನುಗ್ಗಿದರು. ಪೆನಾಲ್ಟಿ ಕಾರ್ನರುಗಳು ಒಂದರ ಹಿಂದೆ ಒಂದು ಬಂದವು. ಪೆನಾಲ್ಟಿ ಕಾರ್ನರ್ ಎಂದರೇನೆಂದು ಗೋಲಿನಲ್ಲಿ ನಿಂತವನಿಗೇ ಗೊತ್ತು. ಅಂತ್ಯದ ಗೆರೆಯಿಂದ ಒಬ್ಬ ಚೆಂಡು ತಳ್ಳುತ್ತಾನೆ; ವೃತ್ತದ ಅಂಚಿನಲ್ಲಿ ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ; ಮತ್ತೊಬ್ಬ ಮೈಯೆಲ್ಲ ಬಲ ಹಾಕಿ ಹೊಡೆಯುತ್ತಾನೆ. ಓಡಿಬರುವ ಆಟಗಾರರ ಕಾಲುಗಳ ನಡುವೆ ಚೆಂಡು ಕಾಣುವುದೇ ಕೊನೆಯ ಗಳಿಗೆಯಲ್ಲಿ. ಆಗ ಯೋಚನೆಗೆ ಅವಕಾಶವಿಲ್ಲ. ಸಾವಿರ ಸಲ ಕಲಿತ ಕಾಲು ತಾನೇ ಹೋಗಬೇಕು. ಲಕ್ಷ್ಮಣರ ಕಾಲು ಪ್ರತಿ ಸಲವೂ ಹೋಯಿತು. ಆಟ ಮುಗಿದ ಸೀಟಿ ಕೇಳಿದಾಗ ಗೋಲುಫಲಕ ೧-೦ ಎಂದೇ ಇತ್ತು. ಒಂಬತ್ತು ಪಂದ್ಯಗಳಲ್ಲಿ ಭಾರತ ಹೊಡೆದದ್ದು ೨೨, ಬಿಟ್ಟದ್ದು ೫. ರೋಮಿನಲ್ಲಿ ಹೋದ ಚಿನ್ನ ಟೋಕಿಯೋದಲ್ಲಿ ಮರಳಿತು. ಗೋಲು ಹೊಡೆದ ಮೊಹಿಂದರರಷ್ಟೇ ಗೋಲು ಕಾದ ಲಕ್ಷ್ಮಣರೂ ಆ ಗೆಲುವಿಗೆ ಕಾರಣರೆಂದು ಆಟ ಬಲ್ಲವರೆಲ್ಲ ಒಪ್ಪಿದರು. ಆ ವರ್ಷದ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

ಎರಡು ವರ್ಷಗಳ ಬಳಿಕ, ೧೯೬೬ರಲ್ಲಿ, ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಿಗೆ ಹೊರಟ ಭಾರತ ತಂಡಕ್ಕೆ ಅವರನ್ನು ನಾಯಕರನ್ನಾಗಿ ಮಾಡಿದರು. ಅಂತರರಾಷ್ಟ್ರೀಯ ಹಾಕಿಯಲ್ಲಿ ಗೋಲ್‌ಕೀಪರನೊಬ್ಬ ತಂಡದ ನಾಯಕನಾದದ್ದು ಅದೇ ಮೊದಲೆನ್ನುತ್ತಾರೆ. ಹಿಂದೆ ನಿಂತವನು ನಾಯಕನಾಗಲಾರನೆಂಬುದು ಅಂದಿನವರೆಗಿನ ನಂಬಿಕೆ. ವಿಚಾರ ಮಾಡಿದರೆ ಅದು ಸರಿಯಲ್ಲ. ಮೈದಾನದ ಹನ್ನೊಂದು ಮಂದಿಯಲ್ಲಿ ಇಡೀ ಆಟವನ್ನು ಕಣ್ಣ ಮುಂದೆ ಕಾಣುವವನು ಗೋಲಿಯೊಬ್ಬನೇ. ಬ್ಯಾಂಕಾಕಿನ ಫೈನಲ್ಲಿನಲ್ಲಿಯೂ ಪಾಕಿಸ್ತಾನವೇ ಎದುರಾಯಿತು. ನಿಗದಿಯ ಆಟದಲ್ಲಿ ಗೋಲಾಗದೆ, ಹೆಚ್ಚಿನ ಅವಧಿಯಲ್ಲಿ ಭಾರತ ೧-೦ಯಿಂದ ಗೆದ್ದಿತು. ಏಷ್ಯನ್ ಕ್ರೀಡೆಗಳ ಹಾಕಿಯಲ್ಲಿ ಭಾರತದ ಮೊದಲ ಚಿನ್ನ ಅದು. ಮರುವರ್ಷ, ೧೯೬೭ರಲ್ಲಿ, ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಬ್ಯಾಂಡಿನ ಹುಡುಗನಾಗಿ ದಳಕ್ಕೆ ಸೇರಿದ ಬಡವ ಇಪ್ಪತ್ತು ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿದ್ದರು.

ಮೆಲ್ಬರ್ನ್, ರೋಮ್, ಟೋಕಿಯೋ, ಬ್ಯಾಂಕಾಕ್ ಈ ನಾಲ್ಕು ಫೈನಲ್ಲುಗಳನ್ನು ಒಟ್ಟಿಗೆ ಇಟ್ಟು ನೋಡಿ. ನಾಲ್ಕರಲ್ಲಿಯೂ ಎದುರಾಳಿ ಅಂದಿನ ಜಗತ್ತಿನ ಅತ್ಯಂತ ಬಲವಾದ ತಂಡಗಳಲ್ಲೊಂದು. ನಾಲ್ಕರಲ್ಲಿಯೂ ಭಾರತಕ್ಕೆ ದೊರಕಿದ್ದು ಒಟ್ಟು ಮೂರೇ ಗೋಲು. ಬಿಟ್ಟದ್ದು ಒಂದು. ನಮ್ಮ ಮುಂದಾಳುಗಳು ಗೋಲುಗಳ ಮಳೆಗರೆಯುತ್ತಿದ್ದ ಕಾಲ ಕಳೆದು, ಒಂದೊಂದೇ ಗೋಲಿಗಾಗಿ ಹೆಣಗುವ ಕಾಲ ಬಂದಾಗ ಭಾರತದ ಹಾಕಿಯ ಮಾನ ಉಳಿಸಿದ್ದು ಈ ರಕ್ಷಣೆಯೇ. ಧ್ಯಾನ್‌ಚಂದರ ಕಾಲದ ಗೋಲಿಗಿಂತ ಲಕ್ಷ್ಮಣರ ಕಾಲದ ಗೋಲಿಗೆ ಹೊಣೆ ಹೆಚ್ಚಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

೧೯೬೮ರ ಮೆಕ್ಸಿಕೋ ಒಲಿಂಪಿಕ್ಸ್ ಬಂದಾಗ ಲಕ್ಷ್ಮಣರಿಗೆ ಮೂವತ್ತೈದು ವರ್ಷ. ಆಯ್ಕೆಯಾದ ತಂಡದಲ್ಲಿ ಅವರ ಹೆಸರಿರಲಿಲ್ಲ. ಅಲ್ಲಿಗೆ ಅವರು ಹಾಕಿಯನ್ನು ಬಿಟ್ಟರು. ಮೆಕ್ಸಿಕೋದಲ್ಲಿ ಭಾರತ ಇತಿಹಾಸದಲ್ಲಿ ಮೊದಲ ಬಾರಿಗೆ ಫೈನಲ್ ತಲಪದೆ ಕಂಚಿಗೆ ತೃಪ್ತಿಪಡಬೇಕಾಯಿತು. ಲಕ್ಷ್ಮಣರಿದ್ದಿದ್ದರೆ ಬೇರೆಯಾಗುತ್ತಿತ್ತೆಂದು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ವಯಸ್ಸು ಯಾರನ್ನೂ ಬಿಡುವುದಿಲ್ಲ. ಆದರೂ ಹನ್ನೆರಡು ವರ್ಷ ಕೋಟೆ ಕಾದವನನ್ನು ಬೀಳ್ಕೊಡುವಾಗ ಒಂದು ಮರ್ಯಾದೆಯ ಬಾಗಿಲು ತೆರೆದಿರಬೇಕೆಂಬುದು ಮಾತ್ರ ನನ್ನ ಅಭಿಪ್ರಾಯ.

ಆಟ ಬಿಟ್ಟ ಮೇಲೆ ಅವರು ಸೈನ್ಯದ ನೌಕರಿಯಲ್ಲಿಯೇ ಮುಂದುವರಿದು, ಗೌರವ ಕ್ಯಾಪ್ಟನ್ ಪದವಿಗೇರಿ, ೧೯೭೯ರಲ್ಲಿ ನಿವೃತ್ತರಾದರು. ಮೂವತ್ತೆರಡು ವರ್ಷದ ಸೇವೆ. ಬಳಿಕ ಹುಟ್ಟೂರು ಮಹೂಗೆ ಹಿಂದಿರುಗಿ ಅಲ್ಲಿಯೇ ನೆಲೆಸಿದರು. ಆಟದ ಲೋಕ ಅವರನ್ನು ಮರೆಯಿತು. ಅವರೂ ಅದರ ಬಾಗಿಲು ತಟ್ಟಲಿಲ್ಲ. ಕಾಲ ಸರಿದಂತೆ ಆರೋಗ್ಯ ಕೆಟ್ಟಿತು. ಕಾಲಿಗೆ ಗ್ಯಾಂಗ್ರಿನ್ ರೋಗ ತಗುಲಿ ಕೊಳೆಯತೊಡಗಿತು. ಟೋಕಿಯೋದಲ್ಲಿ ದೇಶದ ಮಾನ ಉಳಿಸಿದ ಕಾಲು ಅದು! ಚಿಕಿತ್ಸೆಗೆ ಹಣದ ಅಡಚಣೆಯಿತ್ತು. ಅವರ ಸ್ಥಿತಿ ಪತ್ರಿಕೆಗಳಲ್ಲಿ ಬಂದಾಗ ಅನೇಕರಿಗೆ ಅವರು ಇನ್ನೂ ಬದುಕಿದ್ದಾರೆಂಬುದೇ ಹೊಸ ಸುದ್ದಿಯಾಯಿತು. ೨೦೦೬ರ ಏಪ್ರಿಲ್ ೨೯ರಂದು ಮಹೂನಲ್ಲಿ ಅವರು ತೀರಿಕೊಂಡರು. ಸೈನ್ಯವು ಸೈನಿಕ ಗೌರವದೊಡನೆ ಅವರ ಅಂತ್ಯಕ್ರಿಯೆ ನಡೆಸಿತು. ಆಗ ಅವರಿಗೆ ಎಪ್ಪತ್ತೆರಡು ವರ್ಷ. ನಮ್ಮ ತರಗತಿಯವರೆಲ್ಲ ಆಗ ಹಾಲುಗಲ್ಲದ ಕೂಸುಗಳು.

ಈ ಬಾಳಿನಿಂದ ನಾವು ಕಲಿಯಬೇಕಾದದ್ದೇನು? ಕಷ್ಟಪಟ್ಟರೆ ಬಡವನೂ ಮೇಲೇರಬಹುದೆಂಬುದು ಒಂದು ಪಾಠ. ಅದು ನಿಜವೂ ಹೌದು. ಆದರೆ ಅಲ್ಲಿಗೆ ನಿಲ್ಲಿಸಿದರೆ ಲಕ್ಷ್ಮಣರ ಬಾಳಿನ ಅರ್ಧವನ್ನು ಮಾತ್ರ ಓದಿದಂತಾಗುತ್ತದೆ. ಅವರು ಗೋಲಿನಲ್ಲಿದ್ದಾಗ ಹೇಗೆ ಬಿಟ್ಟ ಗೋಲನ್ನು ಮಾತ್ರ ಲೋಕ ಎಣಿಸಿತೋ, ಹಾಗೆಯೇ ಅವರ ಬಾಳಿನಲ್ಲಿಯೂ ಮೂರು ದಶಕಗಳ ಮೌನದ ಬದುಕನ್ನು ಯಾರೂ ಎಣಿಸದೆ, ಕಾಲು ಕೊಳೆತ ದಿನ ಮಾತ್ರ ಎಲ್ಲರೂ ತಿರುಗಿ ನೋಡಿದರು. ಕಾಯುವವರನ್ನ��� ಅವರು ಬಿದ್ದಾಗಲೇ ಕಾಣುವ ಈ ಅಭ್ಯಾಸವನ್ನು ನಾವು ಬಿಡಬೇಕು.

ಸಹಪಾಠಿ ಮಿತ್ರರೇ, ಇದು ಮಹೂ ಊರಿನ ಮಾತು ಮಾತ್ರವಲ್ಲ. ನಮ್ಮಲ್ಲಿ ಬಹುಮಂದಿ ಓದು ಮುಗಿದೊಡನೆ ಮಾರಿಕುಪ್ಪದಿಂದ ಹೊರಡುವ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರು. ಆಟಕ್ಕೆ ಅಂಟಿಕೊಂಡರೆ ಅನ್ನ ಸಿಕ್ಕೀತೇ ಎಂಬ ಪ್ರಶ್ನೆ ನನ್ನ ಮನೆಯಲ್ಲಿಯೂ ಇದೆ, ನಿಮ್ಮ ಮನೆಯಲ್ಲಿಯೂ ಇರಬಹುದು. ಲಕ್ಷ್ಮಣರ ಬಾಳು ಆ ಪ್ರಶ್ನೆಗೆ ಸುಲಭವಾದ ಉತ್ತರ ಕೊಡುವುದಿಲ್ಲ. ಅವರಿಗೆ ಅನ್ನ ಕೊಟ್ಟದ್ದು ಆಟವಲ್ಲ, ದಳದ ನೌಕರಿ. ನೌಕರಿಯನ್ನು ಬಿಡದೆ ಆಟವನ್ನೂ ಬಿಡದೆ ನಡೆದದ್ದೇ ಅವರ ಜಾಣತನ. ನಮಗೂ ಅದೇ ದಾರಿ ಎಂದು ನಾನು ತಿಳಿದಿದ್ದೇನೆ.

ನಮ್ಮ ಗಣಿಯೂರಿನ ಲೈನುಗಳಲ್ಲಿಯೂ ಒಂದು ಕಾಲಕ್ಕೆ ಮೈದಾನಗಳಲ್ಲಿ ಮಿಂಚಿದ ಹಿರಿಯರು ಇಂದು ಮನೆಯ ಜಗಲಿಯ ಮೇಲೆ ಕುಳಿತಿದ್ದಾರೆ. ಅವರ ಪೈಕಿ ಗೋಲು ಹೊಡೆದವರೂ ಇದ್ದಾರೆ, ಗೋಲು ಕಾದವರೂ ಇದ್ದಾರೆ. ಕಾಲೇಜಿನ ಆಟದ ದಿನ ಅವರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸುವುದಕ್ಕೆ ದೊಡ್ಡ ಹಣವೇನೂ ಬೇಕಾಗಿಲ್ಲ. ಬರುವ ವರ್ಷದ ವಿದ್ಯಾರ್ಥಿಗಳು ಆ ಕೆಲಸವನ್ನು ಕೈಗೆತ್ತಿಕೊಂಡರೆ ಶಂಕರ ಲಕ್ಷ್ಮಣರಂಥವರಿಗೆ ಸಲ್ಲಬೇಕಾದ ಗೌರವದ ಒಂದಂಶವನ್ನಾದರೂ ನಾವು ಸಲ್ಲಿಸಿದಂತಾಗುವುದು.